ಖುಲ್ಲಾ ನೆಲ, ತುಂಬಿದ ತೊಟ್ಟಿಲು

ತನ್ನ ಪುಸ್ತಕದ ಪೆಟ್ಟಿಗೆ ಗಂಡನ ಕಾಲುಗಳ ಜಾಗವನ್ನು ನುಂಗಿಬಿಟ್ಟಿದೆ ಎಂಬುದು ಮುರಿಗೆವ್ವನ ಚಿಂತೆ. ಇದನ್ನು ಆಕೆ ಯಾರ ಮುಂದೂ ಆಡಿರಲಿಲ್ಲ. ಜೋಳ ಹಸನು ಮಾಡುವಾಗ, ಮೊರದ ಸಪ್ಪಳದಲ್ಲಿ ತನಗೂ ಪೂರಾ ಕೇಳಿಸದ ಹಾಗೆ, ತನ್ನೊಳಗೆ ತಾನೇ ಒಪ್ಪಿಕೊಂಡಿದ್ದಳು, ಅಷ್ಟೇ. ಬೇರೆ ಹೆಣ್ಣುಮಕ್ಕಳು ಗಂಡನ ಮನೆಗೆ ಹಂಡೆ ತರುತ್ತಾರೆ, ಕೊಡ ತರುತ್ತಾರೆ. ಬಿ.ಎ. ಪಾಸಾದ ತಾನು ತಂದದ್ದು ಒಂದು ಸಾಗವಾನಿ ಪೆಟ್ಟಿಗೆ, ಅದರ ತುಂಬ ಇತಿಹಾಸ. ಧಾರವಾಡದ ಮಾಳಮಡ್ಡಿಯ ಆ ಎರಡು ಕೋಣೆಯ ಬಾಡಿಗೆ ಮನೆಯ ಪಡಸಾಲೆಯಲ್ಲಿ ಪೆಟ್ಟಿಗೆ ಇಟ್ಟು ಉಳಿದ ಜಾಗದಲ್ಲಿ ಕುಬೇರಪ್ಪ ಮಲಗಿದರೆ ತಲೆ ಗೋಡೆಗೆ, ಮೊಣಕಾಲು ಎದೆಗೆ. ಎತ್ತರದ ಆಳು. ಬೆಳಿಗ್ಗೆ ಎದ್ದವನೇ ಅಂಗಳಕ್ಕೆ ಹೋಗಿ, ಮಡಿಸಿಟ್ಟ ಕೊಡೆಯನ್ನು ಬಿಚ್ಚಿದಂತೆ ತನ್ನನ್ನು ತಾನು ಸಾವಕಾಶ ಬಿಚ್ಚಿಕೊಳ್ಳುತ್ತಿದ್ದ. ಕಿಟಕಿಯಿಂದ ಅದನ್ನು ನೋಡುವಾಗ ಮುರಿಗೆವ್ವನ ಎದೆ ಚುಳ್ ಎನ್ನುತ್ತಿತ್ತು. 'ಪುಸ್ತಕಾ ಬೆಂಗೇರಿಗೆ ಅಪ್ಪನ ಮನಿಗೆ ಕಳಿಸಿಬಿಡ್ಲೇನ್ರಿ?' ಎಂಬ ಮಾತನ್ನು ಬಾಯಿತನಕ ತರುತ್ತಿದ್ದಳು. 'ಹೂಂ, ಕಳಿಸು' ಎಂದುಬಿಟ್ಟರೆ ಗತಿಯೇನು ಎಂದು ಮತ್ತೆ ನುಂಗುತ್ತಿದ್ದಳು.

ಕುಬೇರಪ್ಪ ಹುಬ್ಬಳ್ಳಿಯ ಒಂದು ಹತ್ತಿ ಗಿರಣಿಯಲ್ಲಿ ಕಾರಕೂನ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವವ. ಹೆಸರಿಟ್ಟ ಹಿರಿಯರು ಹೆಸರಿಗೆ ತಕ್ಕ ಅರಮನೆಯನ್ನೇನೂ ಕಟ್ಟಿಸಿಕೊಟ್ಟಿರಲಿಲ್ಲ. ಒಳ್ಳೆಯ ಮನುಷ್ಯ. ದೋಷವೆಂದರೆ, ತಲೆಯೊಳಗೆ ಒಂದು ವಿಚಾರ ಹೊಕ್ಕಿತೆಂದರೆ ಎರಡನೆಯದಕ್ಕೆ ಅಲ್ಲಿ ಜಾಗ ಇರುತ್ತಿರಲಿಲ್ಲ. ಆ ಮಟ್ಟಿಗೆ ಅವನ ತಲೆಯೂ ಅವನ ಪಡಸಾಲೆಯೂ ಒಂದೇ ಅಳತೆಯವು.

ಒಂದು ಸಂಜೆ ಅವನು ಗಿರಣಿಯ ಸಾಹೇಬನ ಮಡದಿ ಓದಿ ಎಸೆದ ವಿಲಾಯತಿ ಮಾಸಪತ್ರಿಕೆಯೊಂದನ್ನು ಕೋಟಿನೊಳಗೆ ಇಟ್ಟುಕೊಂಡು ಬಂದ.

"ನೀ ಬಿ.ಎ. ಅದಿ. ಇದರಾಗ ಏನ್ ಬರದಾರ ಓದಿ ಹೇಳು."

ಮುರಿಗೆವ್ವ ಓದಿದಳು. "ಸಣ್ಣ ಮನಿ ದೊಡ್ಡದಾಗಿ ಕಾಣಬೇಕಂದ್ರ ಗೋಡಿಗೆ ತಿಳಿಬಣ್ಣಾ ಹಚ್ಚಬೇಕಂತ್ರಿ. ಬೆಳಕಿನ ಎದುರಿಗೆ ಕನ್ನಡಿ ಹಾಕಬೇಕಂತ. ನೆಲದ ಮ್ಯಾಲ ಸಾಮಾನಾ ಕಡಿಮಿ ಇಡಬೇಕಂತ."

ಗೋಡೆಗೆ ಸುಣ್ಣ ಬಿತ್ತು. ಆ ವಾರವೆಲ್ಲ ಬಂದವರು ಬೆನ್ನು ಬೆಳ್ಳಗೆ ಮಾಡಿಕೊಂಡು ಹೋದರು. ಕನ್ನಡಿಯೆಂದು ಕುಬೇರಪ್ಪ ತನ್ನ ದಾಡಿಯ ಕನ್ನಡಿಯನ್ನೇ ಕಿಟಕಿಯ ಎದುರು ತೂಗುಹಾಕಿದ. ಅದರಲ್ಲಿ ಒಮ್ಮೆಗೆ ಒಂದು ಗದ್ದ ಮಾತ್ರ ಹಿಡಿಸುತ್ತಿತ್ತು; ಮನೆಯೂ ಒಂದು ಗದ್ದದಷ್ಟೇ ಹಿಗ್ಗಿತು. ಆಗ ಅವನಿಗೆ ಮೂರನೆಯ ಮಾತಿನ ಮಹಿಮೆ ಹೊಳೆಯಿತು.

"ನೆಲಾ! ನೆಲದಾಗ ಐತಿ ಗುಟ್ಟು! ನಮ್ಮ ಗಿರಣ್ಯಾಗ ಹತ್ತಿ ಅಂಡಿಗಿ ಹೆಂಗ ಇಡತಾರ? ಒಂದರ ಮ್ಯಾಲೊಂದು, ಮಾಳಿಗಿತನಕ. ನಾವು ನೋಡಿದ್ರ ಎಲ್ಲಾ ನೆಲದ ಮ್ಯಾಲ ಹರವಿಕೊಂಡು, ನಡುವ ಕುಂತು, ಇಕ್ಕಟ್ಟಾತು ಇಕ್ಕಟ್ಟಾತು ಅಂತೇವಿ. ತಲಿ ಮ್ಯಾಲ ಎಷ್ಟ ಜಾಗಾ ಐತಿ ನೋಡು! ಅದಕ್ಕೂ ಬಾಡಿಗಿ ಕೊಡಾಕತ್ತಿಲ್ಲೇನು ನಾವು?"

ಬಾವಿಗೆ ಹಾಕುವಂಥ ಗಡಗಡಿಗಳು ಬಂದವು, ಹಗ್ಗ ಬಂತು. ಹಾಸಿಗೆ ಮೇಲೆ ಹೋಯಿತು. ಕುರ್ಚಿ ಮೇಲೆ ಹೋಯಿತು. ಚಟ್ನಿಪುಡಿಯ ಡಬ್ಬಿ, ಖಾರದ ಗಡಿಗೆ, ಕೊಡೆ, ಕಂದೀಲು ಎಲ್ಲವೂ ತೊಲೆಯಿಂದ ಇಳಿಬಿದ್ದವು. ಒಂದು ಬೆಳಿಗ್ಗೆ ಕುರ್ಚಿಯ ಜೊತೆಗೆ ಕುಬೇರಪ್ಪನ ತಲೆಯ ರುಮಾಲೂ ಮೇಲೇರಿ, ರೈಲಿನ ಸೀಟಿ ಕೇಳಿದ ಅವಸರದಲ್ಲಿ ಅವನು ಬರೀ ತಲೆಯಲ್ಲಿ ಗಿರಣಿಗೆ ಹೋದ. ಯಾರು ತೀರಿಕೊಂಡರು ಎಂದು ಅಲ್ಲಿ ನಾಲ್ಕು ಜನ ಕೇಳಿದರು. ಅದೇನೇ ಇರಲಿ, ನೆಲ ಖುಲ್ಲಾ ಆಯಿತು. ಆ ಖುಲ್ಲಾ ನೆಲದ ಮೇಲೆ ನೆಟ್ಟಗೆ ನಿಲ್ಲುವುದು ಮಾತ್ರ ಯಾರಿಗೂ ಸಾಧ್ಯವಿರಲಿಲ್ಲ.

ಹಗ್ಗಗಳು ಒಂದಕ್ಕೊಂದು ತೊಡಕಾಗುತ್ತಿದ್ದುದರಿಂದ ಕುಬೇರಪ್ಪ ಹೆಂಡತಿಗೊಂದು ಕಟ್ಟಳೆ ಹಾಕಿದ. ಅವನದು ದೊಡ್ಡ ಗಂಟಲು, ಓಣಿಗೆಲ್ಲ ಕೇಳುತ್ತಿತ್ತು. "ನೀ ಕೈ ಮ್ಯಾಲೆತ್ತಬ್ಯಾಡ! ಭಾರ ಎಳೀಬ್ಯಾಡ! ಏನ್ ಬೇಕು ನನಗ ಹೇಳು, ನಾ ಇಳಿಸಿಕೊಡತೇನಿ!"

ಪಕ್ಕದ ಮನೆಯ ಸಾವಕ್ಕ ಈ ಮಾತನ್ನು ಕೇಳಿ, ಕೈಯೊಳಗಿನ ಸೊಪ್ಪು ಕೆಳಗಿಟ್ಟು, ಒಂದು ಗಳಿಗೆ ವಿಚಾರ ಮಾಡಿದಳು. ಆದರೆ ಒಂದೇ ಸಾಕ್ಷಿಯ ಮೇಲೆ ತೀರ್ಪು ಕೊಡುವ ಹೆಂಗಸಲ್ಲ ಅವಳು.

ಇನ್ನು ಉಳಿದದ್ದು ಪುಸ್ತಕದ ಪೆಟ್ಟಿಗೆ. ಅದನ್ನು ಎತ್ತಲು ಹೋದಾಗ ತೊಲೆ ನರಳಿತು, ಹೆಂಚು ಮಿಸುಕಾಡಿದವು. ಮುರಿಗೆವ್ವ ಈಗ ಬೆಂಗೇರಿಯ ಮಾತು ಬರುತ್ತದೆ ಎಂದುಕೊಂಡಳು. ಆಕೆಗೆ ಈಗ ಆ ಪುಸ್ತಕಗಳು ಮೊದಲಿಗಿಂತ ಹೆಚ್ಚು ಬೇಕಾಗಿದ್ದವು. ಹೆಣ್ಣುಮಕ್ಕಳ ಸಾಲೆಯಲ್ಲಿ ಇತಿಹಾಸ ಕಲಿಸುವ ಒಂದು ಜಾಗ ತೆರವಾಗಿತ್ತು. ಆ ಸಾಲೆಯ ಕಮಿಟಿಯ ಅಧ್ಯಕ್ಷರು ಇದೇ ಓಣಿಯ ಕೊನೆಯ ಮನೆಯ ಉಳವಪ್ಪನವರು. ಮೊದಲು ಸಾಲೆಗಳ ಇನ್ಸ್‌ಪೆಕ್ಟರರಾಗಿದ್ದು ಈಗ ಪೆನ್ಶನ್ ತೆಗೆದುಕೊಳ್ಳುವವರು. ಅವರು ಕರೆದು ನಾಲ್ಕು ಪ್ರಶ್ನೆ ಕೇಳಿ, "ಶ್ಯಾಣ್ಯಾಕಿ ಅದಿ. ಕಮಿಟಿ ಕೂಡ್ಲಿ, ನೋಡೂಣು" ಎಂದಿದ್ದರು. ಗಂಡ ಬೇಡವೆಂದಿರಲಿಲ್ಲ. ಆದರೆ ಆ ಕೆಲಸ ತನಗೆ ಎಷ್ಟು ಬೇಕು ಎಂಬುದನ್ನು ಮುರಿಗೆವ್ವ ಯಾರಿಗೂ ಹೇಳಿರಲಿಲ್ಲ. ಅಂಗಳ ಗುಡಿಸುವಾಗ ಗಿಡಗಳನ್ನು ಹುಡುಗಿಯರೆಂದು ತಿಳಿದು ಅಶೋಕನ ಪಾಠ ಮಾಡಿ ಮುಗಿಸುತ್ತಿದ್ದಳು. ಗಂಡ ಕೇಳಿದರೆ, "ಆದ್ರ ಆಗ್ಲಿರಿ" ಎನ್ನುತ್ತಿದ್ದಳು.

ಬೆಂಗೇರಿಯ ಮಾತು ಬರಲಿಲ್ಲ. ಕುಬೇರಪ್ಪ ಹುಬ್ಬಳ್ಳಿಯ ಹಳೇ ಸಾಮಾನಿನ ಬಜಾರದಲ್ಲಿ ಒಂದು ತೊಟ್ಟಿಲನ್ನು ಕಂಡ. ಗಟ್ಟಿ ಕಟ್ಟಿಗೆ, ನಾಲ್ಕು ಕಬ್ಬಿಣದ ಸರಪಳಿ. ಅವನಿಗೆ ಅದರಲ್ಲಿ ಕಂಡದ್ದು ನಾಲ್ಕು ಗೋಡೆಯ ಹಗುರಾದ ಪೆಟ್ಟಿಗೆ, ತೂಗುಹಾಕಲಿಕ್ಕೆಂದೇ ಮಾಡಿದ್ದು. ಕೂಸು ಕಾಣಲಿಲ್ಲ. ಕೂಸು ಕಂಡದ್ದು ಉಳಿದ ಮಾಳಮಡ್ಡಿಗೆಲ್ಲ.

ಸಂಜೆಯ ರೈಲಿನಿಂದಿಳಿದು, ಸ್ಟೇಶನ್ನಿನ ಹಮಾಲ ಬಡೇಸಾಬನ ತಲೆಯ ಮೇಲೆ ತೊಟ್ಟಿಲು ಹೊರಿಸಿ, ತಾನು ಸರಪಳಿ ಝಣಝಣಿಸುತ್ತ ಹಿಂದಿನಿಂದ ನಡೆದು ಬಂದ. ಬಾವಿಯ ಕಟ್ಟೆಯ ಮೇಲೆ ಹೆಂಗಸರು ಕೊಡ ಎತ್ತುವುದನ್ನು ಮರೆತರು.

"ಮುಬಾರಕ್ ರೀ ಸಾಹೇಬ್ರ," ಎಂದ ಬಡೇಸಾಬ, ತೊಟ್ಟಿಲ ಕೆಳಗಿನಿಂದ.

"ಖಾಲಿ ಐತಲ್ಲೋ ಇನ್ನೂ. ತುಂಬಿದ ಮ್ಯಾಲ ಅನ್ನು," ಎಂದ ಕುಬೇರಪ್ಪ ಪ್ರಾಮಾಣಿಕವಾಗಿ.

ನಮ್ಮ ಕಡೆ ತೊಟ್ಟಿಲು ಬರುವುದಕ್ಕೊಂದು ಶಾಸ್ತ್ರವಿದೆ. ಮೊದಲು ಕೂಸು ಬರಬೇಕು, ಆಮೇಲೆ ತೊಟ್ಟಿಲು. ಅದೂ ತವರುಮನೆಯವರು ತರಬೇಕು. ಗಂಡನೇ ಹೋಗಿ, ಹುಟ್ಟುವುದಕ್ಕಿಂತ ಮುಂಚೆ, ಹಮಾಲನ ತಲೆಯ ಮೇಲೆ ಹೊರಿಸಿ ತಂದದ್ದು ಧಾರವಾಡ ಕಂಡಿರದ ಸಂಗತಿ. ಬಾವಿಕಟ್ಟೆ ಅಂದು ಎರಡು ಪಕ್ಷವಾಯಿತು. ಇವನಿಗೆ ರೀತಿ-ರಿವಾಜು ಗೊತ್ತಿಲ್ಲ ಎಂದಿತು ಒಂದು ಪಕ್ಷ. ದಿನ ತುಂಬುತ್ತ ಬಂದಿವೆ, ಅದಕ್ಕೇ ಅವಸರ ಎಂದಿತು ಇನ್ನೊಂದು. ಕೂಸು ಇಲ್ಲವೇ ಇಲ್ಲ ಎನ್ನುವ ಮೂರನೆಯ ಪಕ್ಷ ಹುಟ್ಟಲೇ ಇಲ್ಲ.

ಸಾವಕ್ಕ ಮರುದಿನ ಮಧ್ಯಾಹ್ನವೇ ಸ್ಥಳಪರೀಕ್ಷೆಗೆ ಬಂದಳು. ಸಾಗವಾನಿ ಪೆಟ್ಟಿಗೆ ಖಾಲಿಯಾಗಿ ಅಂಗಳಕ್ಕೆ ಹೋಗಿ, ಪುಸ್ತಕಗಳು ತೊಟ್ಟಿಲು ಸೇರಿದ್ದವು. ಧೂಳು ಬೀಳಬಾರದೆಂದು ಮುರಿಗೆವ್ವ ಮೇಲೆ ಕೌದಿ ಹೊದಿಸಿದ್ದಳು. ಅಡಿಗೆಯ ಹೊತ್ತಿನಲ್ಲಿ ಓದುತ್ತ ಕುಳಿತಿದ್ದವಳು ಬಾಗಿಲ ಸಪ್ಪಳಕ್ಕೆ ಗಾಬರಿಯಾಗಿ ಪುಸ್ತಕವನ್ನು ಕೌದಿಯೊಳಗೆ ತುರುಕಿದಳು. ತೊಟ್ಟಿಲು ತೂಗಾಡತೊಡಗಿತು. ಹಾಡುಹಗಲೇ ಒಲೆ ಬಿಟ್ಟು ಓದುವುದು ಸಿಕ್ಕಿಬಿತ್ತಲ್ಲ ಎಂದು ಆಕೆಯ ಮುಖ ಕೆಂಪಗಾಯಿತು.

ಸಾವಕ್ಕ ತೂಗುವ ತೊಟ್ಟಿಲು ನೋಡಿದಳು, ಕೌದಿ ನೋಡಿದಳು, ಕೆಂಪು ಮುಖ ನೋಡಿದಳು. ಇದಕ್ಕಿಂತ ಹೆಚ್ಚಿನ ಸಾಕ್ಷಿಯನ್ನು ಯಾವ ಕೋರ್ಟೂ ಕೇಳಲಾರದು.

"ಬರೇ ತೊಟ್ಟಿಲಾ ತೂಗಬಾರದವಾ," ಎಂದು ಓಡಿ ಬಂದು ಹಿಡಿದು ನಿಲ್ಲಿಸಿದಳು. "ಓದಿದಾಕಿ ಅದಿ, ಇಷ್ಟ ತಿಳೀಬಾರದ?" ಮನೆಗೆ ಹೋಗಿ ಹುಳಿಮಾವಿನಕಾಯಿಗೆ ಉಪ್ಪು ಹಚ್ಚಿ ತಂದುಕೊಟ್ಟಳು. ಮರುದಿನ ನೆಲ್ಲಿಕಾಯಿ. ಅದರ ಮರುದಿನ ಹುಣಸೆಹಣ್ಣಿನ ಚಿಗಳಿ. ಮಾಳಮಡ್ಡಿಯ ಜನ ಎಷ್ಟು ಪ್ರೀತಿಯವರು ಎಂದು ಮುರಿಗೆವ್ವ ಎಲ್ಲವನ್ನೂ ತಿಂದಳು. ತಿಂದದ್ದೂ ಸಾಕ್ಷಿಯಾಯಿತು.

ಕಡೆಗೊಂದು ದಿನ ಸಾವಕ್ಕ ಆಚೀಚೆ ನೋಡಿ, ಬೆರಳು ಎತ್ತಿ ಹಿಡಿದು, ಪಿಸುಮಾತಿನಲ್ಲಿ ಕೇಳಿದಳು: "ಮೂರೋ, ಐದೋ?"

ಮುರಿಗೆವ್ವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಕೂಡಲೇ ಕೈಯೊಳಗಿನ ಚಿಗಳಿ ಕೆಳಗಿಟ್ಟಳು. "ಅಯ್ಯೋ, ಇಲ್ಲರೀ ಸಾವಕ್ಕಾ, ನನಗ…"

ಸಾವಕ್ಕ ತಟ್ಟನೆ ಆಕೆಯ ಬಾಯಿ ಮುಚ್ಚಿದಳು. "ಶ್! ಬಾಯಿಬಿಟ್ಟ ಹೇಳಬಾರದು. ದೃಷ್ಟಿ ಆಗತೈತಿ. ನಾವೂ ಹಡದೇವೆವಾ, ಎಲ್ಲಾರೂ ಮೊದಲ ಇಲ್ಲಾ ಅಂತನ ಅಂತಾರ."

ಇದಕ್ಕೆ ಏನು ಮಾಡಬೇಕು? ಹೌದೆಂದು ಹೇಳಬಾರದ ಸಂಗತಿಯನ್ನು ಇಲ್ಲವೆಂದು ಹೇಳುವುದು ಹೇಗೆ ಎಂಬುದನ್ನು ಬಿ.ಎ.ಯಲ್ಲಿ ಕಲಿಸಿರಲಿಲ್ಲ. ಆಕೆ ಗಂಡನಿಗಾದರೂ ತಿಳಿಸೋಣವೆಂದು ಸಂಜೆ ಧೈರ್ಯ ಮಾಡಿದಳು. "ಜನಾ ತೊಟ್ಟಿಲಾ ನೋಡಿ ಏನೇನೋ ಮಾತಾಡಾಕತ್ತಾರ್ರಿ."

"ಮಾತಾಡ್ಲಿ," ಎಂದ ಕುಬೇರಪ್ಪ ಹೆಮ್ಮೆಯಿಂದ. "ಹೊಸಾ ವಿಚಾರ ಅಂದ್ರ ಹಂಗ. ಇವತ್ತ ಮಾತಾಡತಾರ, ನಾಳಿ ಅವ್ರೂ ತರತಾರ."

ಮರುದಿನ ಸ್ಟೇಶನ್ ರಸ್ತೆಯಲ್ಲಿ ಉಳವಪ್ಪನವರು ಅವನನ್ನು ತಡೆದರು. ಕೋಲು ಬಗಲಲ್ಲಿ ಸಿಕ್ಕಿಸಿ ಎರಡೂ ಕೈಯಿಂದ ಅವನ ಕೈ ಹಿಡಿದರು.

"ಕುಬೇರಪ್ಪಾ, ಸುದ್ದಿ ಕೇಳಿದೆ. ಭಾಳ ಸಂತೋಷ ಆತು."

"ನಿಮ್ಮ ಆಶೀರ್ವಾದ್ರಿ ಕಾಕಾ. ಈ ಓಣ್ಯಾಗ ನಂದ ಮೊದಲನೇದು."

ಮೊಮ್ಮಕ್ಕಳ ದಂಡೇ ಇದ್ದ ಉಳವಪ್ಪನವರು ಸ್ವಲ್ಪ ತಡವರಿಸಿದರು. "ಹೂಂ… ನಿಂದು ಮೊದಲನೇದು, ಖರೆ."

"ಇದು ಛಲೋ ಆದ್ರ ಅಡಗಿಮನಿಗೂ ಇನ್ನೊಂದು ಮಾಡಬೇಕಂತ ಮಾಡೇನ್ರಿ."

"ಅವಸರಾ ಮಾಡಬ್ಯಾಡೋ! ಒಂದು ನೆಟ್ಟಗ ಆಗ್ಲಿ." ಹಿರಿಯರು ಕೆಮ್ಮಿದರು. "ಹುಡುಗಿ ಆರಾಮ ಅದಾಳ?"

"ಈಗ ಭಾಳ ಆರಾಮ್ರಿ. ಬಗ್ಗೂದಿಲ್ಲ, ಏಳೂದಿಲ್ಲ."

"ಬಗ್ಗಬಾರದು. ಅದಕ್ಕ ನಾ ಏನ್ ವಿಚಾರ ಮಾಡೇನಿ ಅಂದ್ರ, ಸಾಲಿ ಕೆಲಸದ ತ್ರಾಸ ಆಕಿಗೆ ಬ್ಯಾಡ. ಬೆಳಗಾವ್ಯಾಕಿ ಒಬ್ಬಾಕಿ ಅದಾಳ. ಸೋಮವಾರ ಕಮಿಟ್ಯಾಗ ಆಕಿ ಹೆಸರ ಹಾಕಿಬಿಡತೇವಿ. ನಿನ್ನ ಹೇಣ್ತಿನ್ನ ಏನೂ ಕೇಳಾಕ ಹೋಗಬ್ಯಾಡ. ಇಂಥಾ ಹೊತ್ತಿನ್ಯಾಗ ಕೇಳಬಾರದು, ನಾವ ತಿಳಕೊಂಡ ನಡೀಬೇಕು."

ಕುಬೇರಪ್ಪನಿಗೆ ಏನೂ ತಿಳಿಯಲಿಲ್ಲ; ಆದರೆ ಹಿರಿಯರು ಬೆನ್ನು ತಟ್ಟಿದ್ದರಿಂದ ಒಳ್ಳೆಯದೇ ಇರಬೇಕೆಂದು ಮನೆಗೆ ಬಂದು ಹೇಳಿದ. "ನಿನ್ನ ಬದಲಿ ಬೆಳಗಾವ್ಯಾಕಿನ್ನ ತಗೋತಾರಂತ. ಸೋಮವಾರ. ಯಾಕೋ ಏನೋ, ಬೆನ್ನ ತಟ್ಟಿ ಹೋದ್ರು. ತೊಟ್ಟಿಲದ ಮ್ಯಾಲ ಮಾತ್ರ ಅವ್ರಿಗೆ ಭಾಳ ಪ್ರೀತಿ ಬಂದೈತಿ."

ರೊಟ್ಟಿ ಬಡಿಯುತ್ತಿದ್ದ ಮುರಿಗೆವ್ವನ ಕೈ ನಿಂತಿತು. ಸೋಮವಾರಕ್ಕೆ ಇನ್ನು ಹೆಚ್ಚು ದಿನಗಳಿರಲಿಲ್ಲ. 'ಅದು ಸುಳ್ಳು ಅಂತ ಹೇಳಿ ಬರ್ರಿ' ಎನ್ನಬೇಕಿತ್ತು. ಯಾವುದು ಸುಳ್ಳು ಎಂದು ಅವನು ಕೇಳಿದರೆ ಆ ಮಾತನ್ನು ಆಡಬೇಕಾಗುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಕರಿಕಾಯಿತು. ಕುಬೇರಪ್ಪ ಅದನ್ನೂ ತಿಂದ.

ಶನಿವಾರ ಚಕ್ಕಡಿ ಹೂಡಿಸಿಕೊಂಡು ಅತ್ತೆ ಬಾಳವ್ವ ಹಳ್ಳಿಯಿಂದ ಬಂದಳು. ಸಂತೆಗೆ ಬಂದವರ ಕೈಯಲ್ಲಿ ಸಾವಕ್ಕ ಹೇಳಿ ಕಳಿಸಿದ್ದಳು. ಒಂದು ದೊಡ್ಡ ಹರವಿಯ ತುಂಬ ಅಂಟಿನ ಉಂಡಿ, ಬಾಣಂತಿಗೆ ಕೊಡುವಂಥವು. ಹೇಗೂ ಬೇಕಾಗುತ್ತವೆಂದು ಮುಂಗಡವೇ ಕಟ್ಟಿಸಿದ್ದಳು. ಜೋಳದ ಚೀಲ, ಬೆಲ್ಲದ ಪೆಂಟಿ, ಕರಿಕಂಬಳಿ, ಒಂದು ಒರಳು. ಕುಬೇರಪ್ಪ ಖುಲ್ಲಾ ಮಾಡಿದ ನೆಲವೆಲ್ಲ ಒಂದು ಗಳಿಗೆಯಲ್ಲಿ ಮುಚ್ಚಿಹೋಯಿತು.

ಬಾಳವ್ವ ಸೊಸೆಯ ಗದ್ದ ಹಿಡಿದು ಎತ್ತಿದಳು. "ನೀ ಏನೂ ಹೇಳಬ್ಯಾಡ ನನ್ನವ್ವಾ. ನನಗ ಎಲ್ಲಾ ಗೊತ್ತೈತಿ. ನಾಳಿ ಐತವಾರ ಕಳ್ಳ ಕುಬಸಾ ಮಾಡಿಬಿಡೂಣು."

ಬಸುರಿಗೆ ಎಲ್ಲರ ಮುಂದೆ ಮಾಡುವ ಕುಬಸ ಬೇರೆ. ಅದಕ್ಕಿಂತ ಮೊದಲು, ಗಂಡಸರಿಗೆ ತಿಳಿಯದ ಹಾಗೆ, ಹೆಂಗಸರೇ ಗುಟ್ಟಾಗಿ ಹಸಿರು ಸೀರೆ ಉಡಿಸಿ, ಖಣ ಕೊಟ್ಟು, ಆರತಿ ಮಾಡುವುದು ಕಳ್ಳ ಕುಬಸ. ಇಂಥ ಗುಟ್ಟಿನ ಕಾರ್ಯಕ್ಕೆ ಯಾರನ್ನು ಬಿಟ್ಟರೂ ಸಿಟ್ಟಾಗುತ್ತಾರೆ. ಆದ್ದರಿಂದ ಬಾಳವ್ವ ಇಡೀ ಓಣಿಯನ್ನು ಗುಟ್ಟಾಗಿ ಕರೆದಳು. ಗಂಡಸರಿಗೆ ಮಾತ್ರ, "ಮಗನ ಮನಿ ನೋಡಾಕ ಬಂದೇನಿ, ಒಂದ ತುತ್ತ ಉಂಡ ಹೋಗ್ರಿ" ಎಂದಳು.

ಅದೇ ಸಂಜೆ ಬೆಂಗೇರಿಯಿಂದ ಟಾಂಗಾ ಬಂತು. ಅದರಲ್ಲಿ ಹತ್ತಿ ದಲಾಲರಾದ ಮುರಿಗೆವ್ವನ ತಂದೆ ಮತ್ತು ಅವರಿಗಿಂತ ದೊಡ್ಡದೊಂದು ತೊಟ್ಟಿಲು. ಗಿಳಿ ಕೊರೆದದ್ದು, ಹಿತ್ತಾಳೆಯ ಗೆಜ್ಜೆ ಕಟ್ಟಿದ್ದು. ತಾಯಿಯಿಲ್ಲದ ಮಗಳನ್ನು ಬೆಳೆಸಿದ ಮನುಷ್ಯ. ಸಿಟ್ಟಿನಲ್ಲಿ ಮೀಸೆ ಅದುರುತ್ತಿತ್ತು.

"ಅಳಿಯಾ ಹೋಗಿ ಹಳೇ ಬಜಾರದಾಗ ತೊಟ್ಟಿಲಾ ತರತಾನಂದ್ರ ನಾವೇನ್ ಸತ್ತೇವೇನು? ಹುಬ್ಬಳ್ಳಿ ಪ್ಯಾಟ್ಯಾಗ ತಲಿ ಎತ್ತಿ ತಿರಗೂದ ಬ್ಯಾಡೇನು ನಾ?"

ಮುರಿಗೆವ್ವ "ಅಪ್ಪಾ…" ಎಂದಳು. ಅಪ್ಪನ ಮುಖ ನೋಡಿದಳು. ತಂದೆಯ ಮುಂದೆ ಆಡುವ ಮಾತೇ ಅದು? "…ನೀರ ಕೊಡ್ಲ್ಯಾ?" ಎಂದು ಮುಗಿಸಿದಳು.

ಕುಬೇರಪ್ಪ ಮಾತ್ರ ಹಿರಿಹಿರಿ ಹಿಗ್ಗಿದ. ಮಾವ ತನ್ನ ಪದ್ಧತಿಯನ್ನು ಒಪ್ಪಿದ್ದಷ್ಟೇ ಅಲ್ಲ, ಅಡಿಗೆಮನೆಗೆ ಎರಡನೆಯದನ್ನೂ ತಾವೇ ತಂದಿದ್ದಾರೆ! ಎರಡನ್ನೂ ಬೇರೆ ಬೇರೆ ಹಗ್ಗಕ್ಕೆ ಕಟ್ಟಿದರೆ ತೊಲೆಯ ತುಂಬ ಹಗ್ಗವಾಗುತ್ತದೆ ಎಂದು ಅವನು ಗಿರಣಿಯ ತಕ್ಕಡಿಯನ್ನು ನೆನೆದ. ಒಂದೇ ಹಗ್ಗ, ಎರಡು ಗಡಗಡಿ. ಹಗ್ಗದ ಈ ತುದಿಗೆ ಪುಸ್ತಕದ ತೊಟ್ಟಿಲು, ಆ ತುದಿಗೆ ಗಿಳಿಯ ತೊಟ್ಟಿಲು. ಗಿಳಿಯದರಲ್ಲಿ ಅವ್ವನ ಅಂಟಿನ ಉಂಡಿಯ ಹರವಿ ಇಟ್ಟು, ಬೆಲ್ಲದಿಂದ ತೂಕ ಸರಿಮಾಡಿದ. ಎರಡೂ ತಲೆಯ ಮಟ್ಟದಲ್ಲಿ, ಅತ್ತ ಇತ್ತ ಅಲುಗದೆ ನಿಂತವು.

"ನೋಡ್ರಿ ಮಾವಾರ, ಒಂದ ಗುಂಜಿ ಹೆಚ್ಚಿಲ್ಲ, ಒಂದ ಗುಂಜಿ ಕಡಿಮಿಲ್ಲ!"

ಮಾವ ಅಳಿಯನನ್ನು ಬಹಳ ಹೊತ್ತು ನೋಡಿದರು. ಓದಿದ ಮಗಳನ್ನು ಯಾವ ಮನೆಗೆ ಕೊಟ್ಟೆನೋ ಎಂಬುದು ಆ ನೋಟದಲ್ಲಿತ್ತು.

ಐತವಾರ ಮಧ್ಯಾಹ್ನ ಗಂಡಸರು ಹೊರಗಿನ ಕಟ್ಟೆಯ ಮೇಲೆ ಊಟಕ್ಕೆ ಕುಳಿತರು. ಪಂಕ್ತಿಯ ತುದಿಗೆ ಉಳವಪ್ಪನವರು, ಅವರ ಪಕ್ಕ ದಲಾಲರು, ಎದುರಿಗೆ ಹೋಳಿಗೆಯ ತಟ್ಟೆ ಹಿಡಿದ ಕುಬೇರಪ್ಪ. ಒಳಗೆ ಪಡಸಾಲೆಯಲ್ಲಿ ಇರುವೆಗೂ ಸಂದಿಲ್ಲ. ಮುರಿಗೆವ್ವನಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಮಣೆಯ ಮೇಲೆ ಕೂರಿಸಿದ್ದರು. ಆಕೆ ಮೂರು ಸಲ ಬಾಯಿ ತೆರೆದಳು. ಒಮ್ಮೆ ಯಾರೋ ಸಕ್ಕರೆ ಹಾಕಿದರು, ಒಮ್ಮೆ ಸೋಬಾನದ ಪದ ಸುರುವಾಯಿತು, ಒಮ್ಮೆ ಅತ್ತೆ ಕಣ್ಣೊರೆಸಿಕೊಂಡಳು. ಇಷ್ಟು ಜನರ ಸಂತೋಷವನ್ನು ಒಂದು ಮಾತಿನಿಂದ ಹಾಳು ಮಾಡುವ ಧೈರ್ಯ ಎಲ್ಲಿಂದ ತರಬೇಕು? ಮಣೆಯ ಮೇಲೆ ಕುಳಿತೇ ಆಕೆ ಬೆಳಗಾವಿಯವಳು ತನ್ನ ಕುರ್ಚಿಯಲ್ಲಿ ಕುಳಿತು ಹಾಜರಿ ಕರೆಯುವುದನ್ನು ಕಂಡಳು.

"ಎಲ್ಲಾರಿಗೂ ಒಂದೊಂದ ಉಂಡಿ ಕೊಡ್ರೆವಾ," ಎಂದಳು ಬಾಳವ್ವ.

ಹೆಂಗಸರು ಕೈಯೆತ್ತಿ ಗಿಳಿಯ ತೊಟ್ಟಿಲಿನಿಂದ ಅಂಟಿನ ಉಂಡಿ ತೆಗೆಯತೊಡಗಿದರು. ಒಂದು ತಾಟು ತುಂಬಿತು, ಎರಡು ತುಂಬಿದವು. ಮೂರನೆಯ ತಾಟಿಗೆ ಕೈ ಚಾಚಿದವಳು ಚೀರಿದಳು: "ಏ! ಉಂಡಿ ಮ್ಯಾಲ ಹೊಂಟಾವಲ್ಲೇ!"

ಗಿಳಿಯ ತೊಟ್ಟಿಲು ಗೆಜ್ಜೆ ನುಡಿಸುತ್ತ ತೊಲೆಯ ಕಡೆ ಏರಿತು. ಅದೇ ಹೊತ್ತಿಗೆ ಪಡಸಾಲೆಯ ನಡುವೆ, ಆರತಿಯ ಎದುರಿಗೆ, ಇನ್ನೊಂದು ತೊಟ್ಟಿಲು ಯಾರೂ ಮುಟ್ಟದೆ, ಅವಸರವಿಲ್ಲದೆ, ಗಂಭೀರವಾಗಿ ಕೆಳಗಿಳಿಯಿತು. ಹಾಡು ನಿಂತಿತು. ಇಬ್ಬರು ಮುದುಕಿಯರು ಕೈ ಮುಗಿದರು. ತೊಟ್ಟಿಲು ಮುರಿಗೆವ್ವನ ಮಣೆಯ ಮುಂದೆ ಬಂದು ನೆಲಕ್ಕೆ ತಾಗಿತು, ಕೌದಿ ಜಾರಿತು. ಒಳಗೆ ಕೆಂಪು ರಟ್ಟಿನ ಇಂಗ್ಲೆಂಡಿನ ಇತಿಹಾಸ, ಅದರ ಬಗಲಲ್ಲಿ ರೋಮಿನ ಇತಿಹಾಸ, ಕಾಲ ಕಡೆ ಹಿಂದುಸ್ತಾನದ್ದು.

ಮುರಿಗೆವ್ವ ಉಸಿರು ಬಿಟ್ಟಳು. ಈಗ ಎಲ್ಲರಿಗೂ ತಿಳಿಯಿತಲ್ಲ, ಇನ್ನು ತಾನು ಹೇಳುವುದೇನೂ ಉಳಿಯಲಿಲ್ಲ.

ಸಾವಕ್ಕ ಬಗ್ಗಿ ನೋಡಿದಳು. ಕೆನ್ನೆಯ ಮೇಲೆ ಕೈಯಿಟ್ಟಳು. "ನೋಡಿದ್ರ್ಯಾ! ಕೂಸು ಶ್ಯಾಣ್ಯಾ ಆಗ್ಲಿ ಅಂತ ಹುಟ್ಟೂಕಿಂತ ಮೊದಲ ತೊಟ್ಟಿಲದಾಗ ಪುಸ್ತಕಾ ಮಲಗಿಸ್ಯಾಳ! ಇದಕ್ಕ ಅನ್ನೂದು ಓದಿದಾಕಿ ಅಂತ!"

"ನನ್ನ ಮೊಮ್ಮಗಾ ಮಾಮಲೇದಾರ ಆಗತಾನ," ಎಂದು ಬಾಳವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಆರತಿಯನ್ನು ಪುಸ್ತಕಗಳಿಗೂ ಎತ್ತಿದರು.

ಗಡಗಡಿಯ ಸಪ್ಪಳ ಕೇಳಿ ಕುಬೇರಪ್ಪ ಹೋಳಿಗೆಯ ತಟ್ಟೆಯ ಸಮೇತ ಓಡಿಬಂದ. "ಯಾರು ಉಂಡಿ ತಗದವ್ರು? ತೂಕಾ ತಪ್ಪಿತಲಾ!" ಆಮೇಲೆ ಅವನ ಕಣ್ಣು ಹಸಿರು ಸೀರೆಯ ಮೇಲೆ ಬಿತ್ತು. "ಇದೇನಿದು ಆರತಿ? ಯಾರಿಗೆ ಕುಬಸಾ?"

"ನಿನ್ನ ಹೇಣ್ತಿಗಪ್ಪಾ, ಮತ್ಯಾರಿಗಿ?" ಎಂದಳು ತಾಯಿ.

"ಆಕಿ ಬಸರ ಅದಾಳಾ? ನನಗ ಹೇಳೇ ಇಲ್ಲಲಾ!"

"ಗಂಡಸರಿಗ್ಯಾಕ ಹೇಳತಾರ? ಅದಕ್ಕ ಕಳ್ಳ ಕುಬಸಾ ಅಂತಾರ."

ಕುಬೇರಪ್ಪ ಹೆಂಡತಿಯನ್ನು ನೋಡಿದ. ಆಕೆ ತಲೆಯಲ್ಲಾಡಿಸಿದಳು, ಇಲ್ಲವೆಂದು. ಅವನ ತಲೆಯೊಳಗಿನ ಒಂದೇ ಕೋಣೆಯಲ್ಲಿ ಉಳವಪ್ಪನವರ ಮಾತುಗಳೆಲ್ಲ ಒಮ್ಮೆಗೇ ನುಗ್ಗಿ ಬಂದು ಕುಳಿತವು. ಅವನು ಕಟ್ಟೆಗೆ ಓಡಿದ.

"ಕಾಕಾರ, ಇಲ್ಲಂತ್ರಿ! ಆಕಿ ಬಸರ ಇಲ್ಲಂತ!"

ಪಂಕ್ತಿ ಒಮ್ಮೆಗೇ ನಕ್ಕಿತು. "ಗಂಡಗ ಎಲ್ಲಾದಕ್ಕಿಂತ ಕಡೀಕೆ ಗೊತ್ತಾಗೂದು," ಎಂದರು ಯಾರೋ. "ತೊಟ್ಟಿಲಾ ತಂದಾವಾ ನೀನ, ಇಲ್ಲನ್ನಾವಾ ನೀನ," ಎಂದರು ದಲಾಲರು, ಬೇಸತ್ತ ದನಿಯಲ್ಲಿ. ಕುಬೇರಪ್ಪ ಅದು ಪುಸ್ತಕದ ತೊಟ್ಟಿಲು, ನೆಲ ಖುಲ್ಲಾ ಮಾಡಲಿಕ್ಕೆ ತಂದದ್ದು, ವಿಲಾಯತಿಯಲ್ಲಿ ಹೀಗೇ ಮಾಡುತ್ತಾರೆ ಎಂದು ವಿವರಿಸತೊಡಗಿದ. ವಿವರಿಸಿದಷ್ಟೂ ನಗು ಹೆಚ್ಚಾಯಿತು. ಅವನ ಕೈಯ ತಟ್ಟೆಯಿಂದ ಒಂದೊಂದೇ ಹೋಳಿಗೆ ಜಾರಿ ಬೀಳುತ್ತಿತ್ತು, ಅವನಿಗೆ ಗೊತ್ತಾಗಲಿಲ್ಲ. ಆದರೂ ಅವನು ಬಿಡದೆ, "ಇಲ್ಲರೀ, ನನ್ನ ಮಾತ ಕೇಳ್ರಿ, ಆಕೀದು ಕೆಲಸಾ ಹೋಗತೈತ್ರಿ" ಎನ್ನುತ್ತಲೇ ಇದ್ದ.

ಉಳವಪ್ಪನವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ನ್ಯಾಯವಂತ ಮನುಷ್ಯ; ಕೇಳಬಾರದೆಂದಿದ್ದರೂ, ಕೆಲಸದ ಮಾತೆದ್ದ ಮೇಲೆ ಎದುರಿಗೇ ಕೇಳಿಬಿಡಬೇಕು ಎಂದುಕೊಂಡರು. ಬಾಗಿಲ ಕಡೆ ತಿರುಗಿ, ಒಳಗಿನ ಕತ್ತಲೆಗೆ ಕೇಳುವಂತೆ ಪ್ರೀತಿಯಿಂದ ಕೂಗಿದರು:

"ಮುರಿಗೆವ್ವಾ, ತಂಗೀ! ನಾಳಿ ಕಮಿಟ್ಯಾಗ ಬೆಳಗಾವ್ಯಾಕಿ ಹೆಸರ ಬರಸತೇನವಾ. ನಿನ್ನ ಮನಸಿಗೆ ಏನೂ ಬ್ಯಾಸರಿಲ್ಲಲಾ?"

"ಆಕಿಗ್ಯಾಕ್ರಿ ಬ್ಯಾಸರಾ!" ಎಂದಳು ಸಾವಕ್ಕ ಒಳಗಿನಿಂದ.

"ಇಂಥಾ ಹೊತ್ತಿನಾಗ ಸಾಲಿ ಯಾರಿಗೆ ಬೇಕಾಗೇತ್ರಿ!" ಎಂದಳು ಬಾಳವ್ವ.

"ನನ್ನ ಮಗಳು ಹಂಗೇನ್ ಬ್ಯಾಸರಾ ಮಾಡ್ಕೊಳ್ಳಾಕಿ ಅಲ್ಲರಿ," ಎಂದರು ದಲಾಲರು ಹೊರಗಿನಿಂದ.

ಹಸಿರು ಬಳೆಗಳ ಸಪ್ಪಳ ಕೇಳಿಸಿತು. ಮುರಿಗೆವ್ವ ಮಣೆ ಬಿಟ್ಟು ಎದ್ದಿದ್ದಳು. ಹೆಂಗಸರ ನಡುವೆ ದಾರಿ ಮಾಡಿಕೊಂಡು, ತೂಗುವ ಡಬ್ಬಿಗಳಿಗೆ ತಲೆ ಬಗ್ಗಿಸಿ, ಹೊಸ್ತಿಲಿನ ಮೇಲೆ ಬಂದು ನಿಂತಳು. ಎದುರಿಗೆ ಇಡೀ ಓಣಿ. ಹೋಳಿಗೆ ಹಿಡಿದ ಕೈಗಳು ಬಾಯಿಯ ಹತ್ತಿರ ನಿಂತಿದ್ದವು. ಸೆರಗು ಸರಿಮಾಡಿಕೊಂಡು ಉಳವಪ್ಪನವರ ಕಡೆ ತಿರುಗಿದಳು.

"ಬ್ಯಾಸರ ಐತ್ರಿ ಕಾಕಾ. ನಾ ಬಸರಿಲ್ಲ. ಆ ಕೆಲಸಾ ನನಗ ಭಾಳ ಬೇಕಾಗೇತಿ."